ಮೀನಿನ ಪಥ್ಯ

"ಹೇಳು, ಮೀನು ತಿಂದದ್ದು ಹೌದು ಅಂತ ವಾರಿಜಕ್ಕನ ಹತ್ರ ಹೇಳು" ಎನ್ನುತ್ತಾ ಶಶಿಕಲಾ ಮಗಳ ರಟ್ಟೆ ಹಿಡಿದು ಜಗಲಿಗೆ ಎಳೆದು ತಂದಳು. ವಿಸ್ಮಿತಾಳ ತಲೆಯ ಮೇಲಿನ ಶಾಲು ಜಾರಿತು. ಕಿವಿಯ ಹಿಂದೆ ಕೂದಲು ಉದುರಿ ಬೋಳಾಗಿದ್ದ ಜಾಗವೆಲ್ಲ ಕೆಂಪಗೆ ಗುಳ್ಳೆ ಎದ್ದು ಒಸರುತ್ತಿತ್ತು. ವಾರಿಜಾಕ್ಷಿ ಹತ್ತಿರ ಬಂದು ಬಗ್ಗಿ ನೋಡಿದಳು.

ಬೆಳುವಾಯಿಯಲ್ಲಿ ಯಾರ ತಲೆಯಲ್ಲಾದರೂ ಹುಳ ತಿಂದಂತೆ ಅಲ್ಲಲ್ಲಿ ಕೂದಲು ಉದುರಿದರೆ ಈ ಮನೆಗೇ ಬರುತ್ತಾರೆ. ಅವಳ ಅತ್ತೆ ಸರಸಮ್ಮನ ಕಾಲದಿಂದ ಬಂದ ಮದ್ದು. ಪಾರಿಜಾತದ ಒರಟು ಎಲೆಯಿಂದ ಬೋಳು ಜಾಗವನ್ನು ಮೆಲ್ಲಗೆ ಉಜ್ಜಿ, ಗುಲಗಂಜಿ ಅರೆದು ಹಚ್ಚುವುದು. ಮದ್ದು ಮುಗಿಯುವ ತನಕ ಮೀನು ಮುಟ್ಟಬಾರದು, ಅದೇ ಪಥ್ಯ. ಗುಲಗಂಜಿ ವಿಷದ ಬೀಜ, ಸಿಪ್ಪೆ ತೆಗೆದು ಹಾಲಿನಲ್ಲಿ ಬೇಯಿಸದೆ ಅರೆಯಬೇಡ ಎಂದು ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ಆದರೆ ಮೊನ್ನೆ ಶಿರ್ತಾಡಿಯಲ್ಲಿ ತಂಗಿಯ ಮಗಳ ಮೆಹಂದಿ. ಸೀರೆ ಉಟ್ಟು, ಬಸ್ಸಿನ ಹಾರ್ನಿಗೆ ಕಿವಿಗೊಟ್ಟು ನಿಂತವಳಿಗೆ ಬೀಜ ಬೇಯಿಸುವಷ್ಟು ಪುರುಸೊತ್ತು ಎಲ್ಲಿ! ಒಂದು ಸಲಕ್ಕೆ ಏನು ಮಹಾ ಆಗುತ್ತದೆ ಎಂದು ಹಸಿ ಬೀಜವನ್ನೇ ಅರೆದು ಶಶಿಕಲಾಳ ಕೈಗೆ ಕೊಟ್ಟಿದ್ದಳು.

ಶಶಿಕಲಾ ಒಂದೇ ಉಸಿರಿಗೆ ಹೇಳುತ್ತಾ ಹೋದಳು. ಮನೆಗೆ ಬಂಗುಡೆ ಮೀನು ತರುವುದನ್ನೇ ಬಿಟ್ಟಿದ್ದಳಂತೆ. ಆದರೂ ಹೀಗಾಗಬೇಕಾದರೆ ಹುಡುಗಿ ಶಾಲೆಯಲ್ಲಿ ಗೆಳತಿಯ ಬುತ್ತಿಗೆ ಕೈ ಹಾಕಿರಲೇಬೇಕು. ಮೊದಲು ಇಲ್ಲ ಇಲ್ಲ ಎಂದಳಂತೆ, ನಾಲ್ಕು ಬಿಗಿದ ಮೇಲೆ ಒಪ್ಪಿಕೊಂಡಳಂತೆ. ಪಾಪ, ಮೊಣಕಾಲ ಕೆಳಗೆ ಬೆತ್ತದ ಬಾಸುಂಡೆ ಇನ್ನೂ ಇಳಿದಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅತ್ತೆಯ ಹೆಸರೂ ಉಳಿಯುತ್ತಿತ್ತು, ತನ್ನ ಮಾನವೂ ಉಳಿಯುತ್ತಿತ್ತು. ನಾಚಿಕೆಗೇಡು, ವಾರಿಜಾಕ್ಷಿ ಜಾರಿದ ಶಾಲನ್ನೆತ್ತಿ ಆ ಗುಳ್ಳೆಗಳ ಮೇಲೆ ಮುಚ್ಚಿದಳು.

"ತಪ್ಪಾಯ್ತು ಆಂಟಿ" ಎಂದಳು ವಿಸ್ಮಿತಾ, ನೆಲ ನೋಡುತ್ತಾ. "ಮೀನು ತಿಂದೆ. ಇನ್ನು ತಿನ್ನುವುದಿಲ್ಲ."

ಮಗು ಪೆಟ್ಟಿಗೆ ಹೆದರಿ ಹೇಳಿದ ಆ ಸುಳ್ಳು ಕೇಳಿ ವಾರಿಜಾಕ್ಷಿಗೆ ಇನ್ನು ತಡೆಯಲಾಗಲಿಲ್ಲ.

"ಅವಳು ತಿನ್ನಲಿಲ್ಲ ಶಶಿ. ತಪ್ಪು ನನ್ನದು. ಬೀಜ ಬೇಯಿಸ್ಲಿಕ್ಕೆ ಉಂಟು, ನಾನು ಬೇಯಿಸ್ಲಿಲ್ಲ. ಮದ್ದೇ ಸುಟ್ಟದ್ದು. ಈಗ್ಲೇ ಮೂಡುಬಿದಿರೆಗೆ ಹೋಗುವ, ಡಾಕ್ಟ್ರಿಗೆ ತೋರಿಸುವ. ನಾನೂ ಬರ್ತೇನೆ."

ಬೈಗಳು ಬರಲೆಂದು ಕಾದಳು. ಬೈದರೆ ಎಷ್ಟೋ ಹಗುರಾಗುತ್ತಿತ್ತು. ಶಶಿಕಲಾಳ ಕಣ್ಣು ತುಂಬಿ ಬಂತು.

"ನೋಡು, ವಾರಿಜಕ್ಕನ ಮನಸ್ಸು ನೋಡು" ಎಂದು ಮಗಳ ಕಡೆ ತಿರುಗಿದಳು. "ನಿನಗೆ ಇನ್ನು ಪೆಟ್ಟು ಬೀಳಬಾರದು ಅಂತ ನಿನ್ನ ತಪ್ಪನ್ನು ಅವ್ರು ತಲೆ ಮೇಲೆ ಹಾಕಿಕೊಳ್ತಾರೆ. ಕಾಲು ಹಿಡಿ."

"ಅಲ್ಲ ಮಾರಾಯ್ತಿ, ನಾನು ಹೇಳುವುದು ನಿಜ..." ಎನ್ನುವಷ್ಟರಲ್ಲಿ ಹುಡುಗಿ ಬಗ್ಗಿಯಾಗಿತ್ತು. ವಾರಿಜಾಕ್ಷಿ ಹಿಂದೆ ಸರಿದಳು. ಬೆನ್ನಿಗೆ ಗೋಡೆ ಸಿಕ್ಕಿತು. ಅವಳ ಕಾಲ ಬೆರಳುಗಳಿಗೆ ವಿಸ್ಮಿತಾಳ ಬಿಸಿ ಹಣೆ ತಾಗಿತು.