ನರಕದಲ್ಲಿ ಹಾಡಕೂಡದು

ನಮ್ಮೂರಿನ ಪರಮಪ್ರಸಾದದ ಹಬ್ಬದ ನಾಟಕಕ್ಕೆ ಒಂದು ಕಟ್ಟುಪಾಡಿದೆ. ಹಾಡು ಸ್ವರ್ಗದವರದು. ನರಕಕ್ಕೆ ಬಿದ್ದವನು ಊಳಿಡಬೇಕು, ಕೊಪ್ಪರಿಗೆ ಬಡಿಯಬೇಕು, ಒಂದು ಸಾಲೂ ಹಾಡಕೂಡದು. ಇದನ್ನು ಮಾಡಿಟ್ಟ ಪುಣ್ಯಾತ್ಮನಿಗೆ ಮಕ್ಕಳಿರಲಿಲ್ಲ ಅಂತ ಕಾಣುತ್ತದೆ.

ಚರ್ಮ ಹದಮಾಡುವ ಥರ್ಸ್ಟನ್‌ನದು ಲೂಸಿಫರನ ಪಾತ್ರ. ದೇವದೂತರ ಜೊತೆ ಸ್ತುತಿ ಹಾಡಿ, ಆಮೇಲೆ ಸೊಕ್ಕಿ, ರಂಗವಾಗಿ ಕಟ್ಟಿದ ಬಂಡಿಯ ಅಟ್ಟದಿಂದ ಕೆಳಗಿನ ನರಕಕ್ಕೆ ಉರುಳಬೇಕು. ಬಂಡಿ ನಿಂತ ಬೀದಿಬೀದಿಗೂ ಮತ್ತೆ ಅದೇ ಆಟ. ಆ ಸ್ತುತಿ ಹಾಡಿಯೇ ಅವನು ಮಗಳು ಇಬಟ್‌ಳನ್ನು ತೊಟ್ಟಿಲಲ್ಲಿ ಮಲಗಿಸುತ್ತಿದ್ದ. ಈಗ ಅವಳಿಗೆ ಎಂಟು ವರ್ಷ. ಜ್ವರ ಇಳಿಯದೆ, ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋಗಿದ್ದರು.

"ನಾನು ಹೋಗಲ್ಲ ಕಣೆ," ಅಂದ ಬೆಳಿಗ್ಗೆ.

"ಹೋಗಿ," ಅಂದಳು ಹೆಂಡತಿ ಸಿಸಿಲಿ. "ಅಪ್ಪನ ಹಾಡು, ಅಪ್ಪನ ಹಾಡು ಅಂತ ಕನವರಿಸ್ತಾನೇ ಇದ್ಳು. ಈಗ ಎಬ್ಬಿಸಿದ್ರೂ ಏಳಲ್ಲ. ಬಂಡಿ ನಮ್ಮನೆ ಮುಂದೇನೇ ನಿಲ್ಲುತ್ತಲ್ಲ, ಕಣ್ಣು ಬಿಟ್ಟ ಕೂಡಲೇ ಕಿಟಕಿ ತೆಗೀತೀನಿ."

ಬಂಡಿ ನಿಂತಿತು. ಮುಚ್ಚಿದ ಕಿಟಕಿ ನೋಡುತ್ತಲೇ ಥರ್ಸ್ಟನ್ ಹಾಡಿದ. ಕೊನೆಯ ಸಾಲನ್ನು ಎಳೆದ, ಮತ್ತೆ ಎಳೆದ.

"ದೇವರಿಗೆ ಹಸಿವಾಗ್ತಿದೆಯಂತೆ, ಬೇಗ ಬೀಳಯ್ಯಾ," ಎಂದು ನಾಟಕ ಆಡಿಸುವ ಪಿಯರ್ಸ್ ಕೆಳಗಿನಿಂದ ಛೇಡಿಸಿದ.

ಬಿದ್ದ. ಹೊಗೆಯಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು, ಕೊಂಬು ಸಿಕ್ಕಿಸಿಕೊಂಡು ಎದ್ದು ನೋಡಿದರೆ ಕಿಟಕಿ ತೆರೆದಿತ್ತು. ಸಿಸಿಲಿಯ ಹೆಗಲ ಮೇಲೆ ಮಗುವಿನ ತಲೆ. ಹಾಡಲೆಂದೇ ಅವನು ಬಾಯಿ ತೆರೆದ.

"ಹುಷಾರು," ಅಂದ ಪಿಯರ್ಸ್ ಹಲ್ಲು ಕಚ್ಚಿ. "ನರಕದಲ್ಲಿ ಹಾಡಿದ್ರೆ ಬಿಷಪ್ಪರ ಕಡೆಯೋರು ನಾಟಕಾನೇ ನಿಲ್ಲಿಸಿಬಿಡ್ತಾರೆ. ಕಿರುಚು."

ಹಾಡಬಾರದಿತ್ತೇ, ಹಾಳಾದವನು. ನಾಟಕ ನಿಂತರೆ ನಿಲ್ಲುತ್ತಿತ್ತು. ಆದರೆ ಥರ್ಸ್ಟನ್ ಹುಟ್ಟಿದಾಗಿನಿಂದ ಹೇಳಿದ ಮಾತು ಮೀರಿದವನಲ್ಲ. ಗಂಟಲು ಹರಿಯುವಂತೆ ಊಳಿಟ್ಟ, ಕೊಪ್ಪರಿಗೆ ಬಡಿದ. ಜನ ಕೇಕೆ ಹಾಕಿದರು. ಕಿಟಕಿ ಮುಚ್ಚಿಕೊಂಡಿತು.

ಆಟ ಮುಗಿದದ್ದೇ ತಡ, ಕೊಂಬು ಸಮೇತ ಒಳಗೆ ಓಡಿದ.

"ಕೇಳಿಸ್ತಾ ಅವಳಿಗೆ?"

"ಕೇಳಿಸ್ತು," ಅಂದಳು ಸಿಸಿಲಿ. ಮಗು ಇನ್ನೂ ಅವಳ ಹೆಗಲ ಮೇಲೇ ಇತ್ತು. "'ಯಾರಮ್ಮಾ ಅದು, ನನ್ನ ಕರ್ಕೊಂಡು ಹೋಗೋಕೆ ಬಂದಿದಾನಾ' ಅಂದ್ಳು."

"ನೀನೇನಂದೆ?"

"ನಿಮ್ಮಪ್ಪ ಅನ್ನೋಕೆ ಬಾಯಿ ಬರ್ಲಿಲ್ಲ ರೀ. ಯಾರೋ ಗೊತ್ತಿಲ್ಲ ಕಂದಾ, ನೋಡ್ಬೇಡ ಅಂದೆ. ಕಣ್ಣು ಮುಚ್ಕೊಂಡ್ಳು."

ಆಮೇಲೆ ಮಗು ಕಣ್ಣು ತೆರೆದಿರಲಿಲ್ಲ, ಉಸಿರೂ ಆಡುತ್ತಿರಲಿಲ್ಲ. ಥರ್ಸ್ಟನ್ ಮಸಿಗೈಯನ್ನು ಅಂಗಿಗೆ ಒರೆಸಿಕೊಂಡು, ಮಗಳ ಕಾಲು ಮುಟ್ಟಿದ. ಇನ್ನೂ ಬೆಚ್ಚಗಿತ್ತು.

ಹೊರಗಿನಿಂದ ಪಿಯರ್ಸ್ ಕೂಗಿದ: "ಥರ್ಸ್ಟನ್, ಬಂಡಿ ಹೊರಡ್ತಿದೆ. ಮುಖ ತೊಳ್ಕೊಂಡು ಬಾರಯ್ಯಾ, ಮೊದಲು ನಿನ್ನ ಹಾಡೇ ಇರೋದು."