ಜೊತೆಗೆ ಯಾರಿದ್ದರು?

ಬಂದವಳ ಶೂ ನೋಡಿದ ಕೂಡಲೇ ನಮ್ಮತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಕಪ್ಪು ಶೂ, ಮುಖ ಕಾಣುವಷ್ಟು ಪಾಲಿಶ್. ಮಫ್ತಿಯಲ್ಲಿ ಬರುವ ಪೊಲೀಸರು ಬಟ್ಟೆ ಬದಲಿಸುತ್ತಾರೆ, ಶೂ ಬದಲಿಸುವುದಿಲ್ಲ ಎನ್ನುವುದು ಅತ್ತೆಯ ಹಳೇ ನಂಬಿಕೆ.

ಪಾಪ, ಅವಳು ನಗರಸಭೆಯವಳು. ಸ್ವಾತಂತ್ರ್ಯಕ್ಕೂ ಸಮಾನ ಕೂಲಿಗೂ ಹೋರಾಡಿ ಯಾರ ಕಣ್ಣಿಗೂ ಬೀಳದೆ ಹೋದ ಹೆಂಗಸರ ಹೆಸರನ್ನು ಚೌಕದ ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಅತ್ತೆ ತಮ್ಮ ಇಸ್ತ್ರಿ ಅಂಗಡಿಯಿಂದ ಅಂಗಿಗಳ ಕಾಲರಿನೊಳಗೆ ಕರಪತ್ರ ಸಾಗಿಸುತ್ತಿದ್ದದ್ದು ಊರಿಗೇ ಗೊತ್ತು. ಆ ಕಾಲರು ಬಿಚ್ಚಿ ಹೊಲಿಯುತ್ತಿದ್ದವಳು ನನ್ನಮ್ಮ. ಅದನ್ನು ಅಮ್ಮ ಸಾಯುವ ತನಕ ಮನೆಯವರ ಮುಂದೆ ಹೇಳಿದಳು, "ಬುರುಡೆ ಬಿಡ್ಬೇಡ ಸುಮ್ನಿರೇ" ಅಂತ ನೆಂಟರೆಲ್ಲ ನಕ್ಕರು. ಸಾಕ್ಷಿಗೆ ಉಳಿದವರು ಅತ್ತೆ ಒಬ್ಬರೇ.

"ಅಜ್ಜಿ, ನಿಮ್ ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ. ನಾನೊಬ್ಳೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕಲ್ಲಿನ ಮೇಲೆ ಒಬ್ಬರೇ ಮೆರೆಯುವ ಆಸೆಯೇ ಈ ಮುದುಕಿಗೆ? ಅಡುಗೆಮನೆಗೆ ಕರೆದೊಯ್ದು ಕೇಳಿಯೇಬಿಟ್ಟೆ.

"ನಮ್ಮಮ್ಮ ಸುಳ್ಳಿ, ನೀವೊಬ್ರೇ ಸಾಚಾನಾ?"

ಅತ್ತೆ ಬಲಗೈ ಮುಂದೆ ಚಾಚಿದರು. ಎರಡು ಬೆರಳು ಸೊಟ್ಟ. ಇಸ್ತ್ರಿಪೆಟ್ಟಿಗೆ ಬಿದ್ದು ಹಾಗಾಯಿತು ಎಂದೇ ನಾನು ನಂಬಿದ್ದೆ.

"ಇದೇ ಪ್ರಶ್ನೆ ಕಣೇ ಠಾಣೇಲೂ ಕೇಳಿದ್ದು. ಒಂದೊಂದ್ ಸಲ 'ನಾನೊಬ್ಳೇ' ಅಂದಾಗ್ಲೂ ಲಾಠಿ ಬೀಳ್ತಿತ್ತು. ಸ್ವಾತಂತ್ರ್ಯ ಬಂತು. ಗಂಡಸರಷ್ಟೇ ಕೂಲಿ ಕೊಡಿ ಅಂತ ಕೇಳಿದ್ವಿ. ಮತ್ತೆ ಅದೇ ಠಾಣೆ, ಅದೇ ಪ್ರಶ್ನೆ. ಸರ್ಕಾರ ಬದಲಾಯ್ತು, ಶೂ ಬದಲಾಗ್ಲಿಲ್ಲ."

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು ಅತ್ತೆ! ಇನ್ಯಾರನ್ನ ಹಿಡೀತಾರೆ?"

"ನೀನಿದ್ದೀಯಲ್ಲೇ," ಎಂದರು. "ನೀನಾಗ ತೊಟ್ಟಿಲಲ್ಲಿದ್ದೆ. 'ಮಗೂಗೋಸ್ಕರ ಪೊಲೀಸ್ನೋರಿಗೆ ನನ್ನ ಹೆಸ್ರು ಹೇಳ್ಬೇಡ' ಅಂತ ನಿಮ್ಮಮ್ಮ ಕೈಹಿಡ್ಕೊಂಡು ಕೇಳಿದ್ಳು."

ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಹಾಕ! ಆ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನಡುಮನೆಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಅಮ್ಮನ ಹೆಸರು ಹೇಳಿದೆ.

"ಬರ್ಕೊಳ್ಳಿ. ನಾನು ಅವಳ ಮಗಳು."

ಬಂದವಳು ಅತ್ತೆಯ ಕಡೆ ತಿರುಗಿದಳು. "ಹೌದಾ ಅಜ್ಜಿ? ಇವ್ರಮ್ಮ ನಿಮ್ ಜೊತೆಗಿದ್ರಾ?"

ಅತ್ತೆ ಅವಳ ಶೂ ಕಡೆ ಇನ್ನೊಮ್ಮೆ ನೋಡಿದರು. ನನ್ನನ್ನು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಬೀದಿಯ ಕಿಟಕಿ ಮುಚ್ಚಿ, ಚಿಲಕ ಹಾಕಿ, ಆಮೇಲೆ "ಹೂಂ" ಅಂದರು.