ಕುರ್ಚಿ ಸುಟ್ಟ ಮಿಸ್

ಮೊಟ್ಟೆ ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸುತ್ತಿದ್ದ ಒರಿಸ್ಯಾ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು.

"ಲೋ ಗಾರ್ತ್, ಆ ಭಾಷಣ ಇಲ್ಲಿ ಒದರಬೇಡ. ಮೇಲೆ ಪ್ರಾರ್ಥನೆಗೆ ಹೋದ್ಮೇಲೆ ಹೆಂಗೂ ಕೇಳಲೇಬೇಕಲ್ಲ."

ಮೇಯರ್ ಗಾರ್ತ್ ಪೆಂಡರ್ ಚರ್ಚಿನ ನೆಲಮಾಳಿಗೆಗೆ ಕಾಫಿಗೆಂದು ಇಳಿದು ಬಂದಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಕಲಿಸಿದ ಮಿಸ್ ಸಿಗ್ನಿ ತೋರ್ವಿಕ್ ಮೇಲೆ ಶವಪೆಟ್ಟಿಗೆಯಲ್ಲಿದ್ದರು. ಹಿಮ ಸುರಿಯುವ ಈ ಬಯಲು ಸೀಮೆಯ ಒಂದೇ ಕೋಣೆಯ ಶಾಲೆಗೆ ಟೀಚರಾಗಿ ಬಂದವರು, ಶಾಲೆ ಮುಚ್ಚಿದ ಮೇಲೆ ಊರ ಲೈಬ್ರರಿ ನೋಡಿಕೊಂಡವರು. ಹೋದ ವರ್ಷ ಆ ಲೈಬ್ರರಿಗೂ ಬೀಗ ಹಾಕಿಸಿದ ಪುಣ್ಯಾತ್ಮ ಇದೇ ಗಾರ್ತ್. ಆ ಕಟ್ಟಡ ಊರಿನ ಐಸ್ ಹಾಕಿ ತಂಡಕ್ಕೆ ಬೇಕಂತೆ.

"ಪುಸ್ತಕಗಳು?"

"ಎಷ್ಟು ಸಲ ಕೇಳ್ತೀಯೆ ಮಾರಾಯ್ತಿ! ಮಿಸ್‌ಗೆ ಮಾತು ಕೊಟ್ಟಿದ್ದೀನಲ್ಲ. ನಾಳೆ ಟ್ರಕ್ ತಗೊಂಡು ಬಾ, ತುಂಬ್ಕೊಂಡು ಪಕ್ಕದೂರಿನ ಶಾಲೆಗೆ ಕೊಡು."

ಆಸ್ಪತ್ರೆಯಲ್ಲಿ ಮಿಸ್ ಒರಿಸ್ಯಾಳ ಕೈ ಹಿಡಿದು ಕೇಳಿದ್ದು ಅದೊಂದೇ. "ಪುಸ್ತಕ ಮಕ್ಕಳ ಕೈಗೆ ಹೋಗ್ಬೇಕು ಕಣೇ. ನೀನೇ ನೋಡ್ಕೋ." ಆಗ ಗಾರ್ತ್ ಕಾಲ ಬಳಿ ನಿಂತು ಹೂಂ ಹೂಂ ಅಂದಿದ್ದ.

ಮೇಲೆ ಚರ್ಚಿನಲ್ಲಿ ಅವನು ಕಣ್ಣೊರೆಸಿಕೊಂಡು ಮಾತಾಡಿದ. "ಪುಸ್ತಕವೇ ಅವರ ಉಸಿರಾಗಿತ್ತು." ಸತ್ತವರನ್ನು ಹೊಗಳೋದಕ್ಕೆ ಏನು ಖರ್ಚು?

*

ಇಬ್ಬರೂ ಚಿಕ್ಕವರಿದ್ದಾಗ ಒಂದು ದಿನ ಹಿಮಗಾಳಿ ಎದ್ದು ಶಾಲೆಯ ಬಾಗಿಲೇ ಕಾಣದ ಹಾಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೋಣೆ ಬಿಸಿಮಾಡುವ ಒಲೆಯ ಕಲ್ಲಿದ್ದಲು ಮುಗಿಯಿತು. ಗಡಗಡ ನಡುಗುತ್ತಿದ್ದ ಪುಟ್ಟ ಗಾರ್ತ್ ಕಪಾಟಿನಿಂದ ಒಂದು ಪುಸ್ತಕ ತಂದು ಒಲೆಯ ಬಾಯಿಗೆ ಹಿಡಿದ. ಮಿಸ್ ಕಿತ್ತುಕೊಂಡರು.

"ಇದು ಒಲೆಗಲ್ಲ ಕಂದಾ."

ಕೊಡಲಿ ತಂದು ತಮ್ಮ ಕುರ್ಚಿಯನ್ನು ಸೀಳಿ ಒಲೆಗೆ ಹಾಕಿದರು. ಆಮೇಲೆ ಮೇಜು. ಅಪ್ಪಂದಿರು ಹಿಮದ ಜಾರುಬಂಡಿಗೆ ಕುದುರೆ ಕಟ್ಟಿಕೊಂಡು ಬರೋವರೆಗೂ ಅದೇ ಪುಸ್ತಕ ಓದಿಸಿದರು. ಮೈಯ ಬಿಸಿ ತಗ್ಗಬಾರದೆಂದು ಎಲ್ಲರೂ ನಿಂತೇ ಕೇಳಬೇಕು. ಗಾರ್ತ್ ತೊದಲಿದ. ಮಿಸ್ ಬೈಯಲಿಲ್ಲ, ಹೊಡೆಯಲಿಲ್ಲ. ಯಾರು ತೊದಲಿದರೂ ಅವರದು ಒಂದೇ ಮಾತು.

"ಮೊದಲಿಂದ."

ಅಂದರೆ ಪುಟದ ಮೊದಲ ಸಾಲಿಗೆ ವಾಪಸ್. ಆ ಚಳಿಗಾಲವೆಲ್ಲ ಮಿಸ್ ನಿಂತೇ ಪಾಠ ಮಾಡಿದರು. ಊರವರು ಹೊಸ ಕುರ್ಚಿ ಮಾಡಿಸಿದ್ದು ಹಿಮ ಕರಗಿದ ಮೇಲೆ.

*

ಸ್ಮಶಾನಕ್ಕೆ ಹೋಗುವಾಗಲೇ ಒರಿಸ್ಯಾಳ ಮೂಗಿಗೆ ವಾಸನೆ ಬಡಿಯಿತು. ಜನವರಿಯಲ್ಲಿ ಇಲ್ಲಿಯ ನೆಲ ಹೆಪ್ಪುಗಟ್ಟಿ ಬಂಡೆಯಾಗಿರುತ್ತದೆ. ಅದರ ಮೇಲೆ ಹುಲ್ಲು, ಕಲ್ಲಿದ್ದಲು ಉರಿಸಿ ಮೆತ್ತಗೆ ಮಾಡಿಯೇ ಗುಂಡಿ ತೋಡಬೇಕು. ಆದರೆ ಇದು ಹುಲ್ಲಿನ ವಾಸನೆಯಲ್ಲ.

ಗುಂಡಿಯ ಪಕ್ಕ ಬೂದಿಯ ರಾಶಿ. ಅದರಲ್ಲಿ ರಟ್ಟುಗಳು, ಅಂಚು ಸುಟ್ಟ ಹಾಳೆಗಳು. ಒಂದರ ಮೇಲೆ ಲೈಬ್ರರಿಯ ನೀಲಿ ಮೊಹರು ಇನ್ನೂ ಕಾಣುತ್ತಿತ್ತು.

"ವಾಸಿಲ್, ಏನೋ ಇದು?"

ಗುಂಡಿ ತೋಡಿದ ವಾಸಿಲ್ ಟೋಪಿ ತೆಗೆದ. "ಹುಲ್ಲು ಒದ್ದೆಯಾಗಿತ್ತು ಕಣಕ್ಕಾ. ಲೈಬ್ರರೀಲಿ ಕಾಗದ ಸುಮ್ನೆ ಬಿದ್ದಿದೆ, ತಗೊಂಡೋಗು ಅಂದ್ರು ಮೇಯರ್ರು."

"ಹಳೇವು, ಹರಿದವು ಒಂದಷ್ಟು..." ಗಾರ್ತ್ ನಡುವೆ ಬಾಯಿ ಹಾಕಿದ.

"ಎಲ್ಲಾನೂ ಅಂದ್ರಲ್ಲ ಸಾರ್. ಕಪಾಟು ಖಾಲಿ ಮಾಡಿದ್ನಲ್ಲ."

ಒರಿಸ್ಯಾಳ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಪಾಪಿ! ಮಾತು ಕೊಟ್ಟ ಬಾಯಲ್ಲೇ ಈ ಅಪ್ಪಣೆಯನ್ನೂ ಕೊಟ್ಟನಲ್ಲ. ಮಿಸ್‌ಗೆ ಗುಂಡಿ ತೋಡೋಕೆ ಅವರ ಪುಸ್ತಕವೇ ಸೌದೆಯಾಯಿತಲ್ಲ. ನಾಳೆ ಟ್ರಕ್ ತಗೊಂಡು ಹೋಗಿ ಏನು ತುಂಬಿಕೊಳ್ಳಲಿ, ಬೂದಿಯನ್ನೇ?

ಪಾದ್ರಿ ಪೆಟ್ಟಿಗೆ ಇಳಿಸಲು ಸನ್ನೆ ಮಾಡಿದರು.

"ತಡೀರಿ ಫಾದರ್."

ಅವಳು ಬಗ್ಗಿ ರಾಶಿಯೊಳಗೆ ಕೈಹಾಕಿದಳು. ಅರ್ಧ ಸುಟ್ಟ ಒಂದು ಪುಸ್ತಕ ಸಿಕ್ಕಿತು, ಚಿಕ್ಕ ಮಕ್ಕಳದು. ತಂದು ಗಾರ್ತನ ಎದೆಗೆ ಒತ್ತಿ ಹಿಡಿದಳು.

"ಓದು."

"ಒರಿಸ್ಯಾ, ಇಲ್ಲಿ ಬೇಡ ಕಣೆ, ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡೋ. ಓದು ಕಲಿಸಿದೋರು ಇಲ್ಲೇ ಮಲಗಿದ್ದಾರೆ, ಅವರೂ ಕೇಳ್ಲಿ. ನೀನು ಓದೋ ತನಕ ಈ ಪೆಟ್ಟಿಗೆ ಇಳಿಯಲ್ಲ."

ಅವನು ಸುತ್ತ ನೋಡಿದ. ನೆರೆದವರಲ್ಲಿ ಮುಕ್ಕಾಲು ಪಾಲು ಅದೇ ಶಾಲೆಯಲ್ಲಿ ಕಲಿತವರು. ಅವನು ಪುಸ್ತಕ ತೆರೆದ. ಕೈಗವಸಿಗೆ ಮಸಿ ಮೆತ್ತಿತು.

"ಒಂದು ಊರಲ್ಲಿ... ಒಂದು ಮೇಕೆ ಇತ್ತು. ಅದು ದಿನಾ ಬೇಲಿ ಹಾರಿ... ನೆರೆ... ನೆರೆಯ..."

ಗಾಳಿಗೆ ಹಾಳೆ ಪಟಪಟ ಹೊಡೆದುಕೊಂಡಿತು. ಅವನು ತೊದಲಿದ.

ಹಿಂದಿನಿಂದ ಯಾವುದೋ ಮುದಿ ದನಿ ಹೇಳಿತು, "ಮೊದಲಿಂದ."

ಇನ್ನೊಬ್ಬರು ಅಂದರು, ಮತ್ತೊಬ್ಬರು ಅಂದರು. ವಾಸಿಲ್ ಕೂಡ ಅಂದ.

ಗಾರ್ತ್ ಮೂಗೊರೆಸಿಕೊಂಡು ಮೊದಲ ಸಾಲಿಗೆ ಹೋದ. ಎಲ್ಲರೂ ಹಿಮದಲ್ಲಿ ನಿಂತೇ ಕೇಳಿದರು. ಪುಟ ಮುಗಿಯಿತು. ಅವನು ಪುಸ್ತಕ ಮುಚ್ಚಲು ಹೋದ. ಒರಿಸ್ಯಾ ಕೈಚಾಚಿ ಮುಂದಿನ ಪುಟ ತಿರುವಿದಳು.